ಹಳೆಯ ಸಿ.ಡಿ.ಗಳನ್ನು ಲಿನಕ್ಸ್‌ನಲ್ಲಿ ಓದುವ ಬಗೆ

ಜಯನಗರ, ಬನಶಂಕರಿ ಕಡೆಯ ಶಾಲೆ-ಕಾಲೇಜುಗಳ ಪ್ರಯೋಗಾಲಯದ ಕಪಾಟು ತೆರೆದರೆ ಇಪ್ಪತ್ತು ವರ್ಷ ಹಿಂದಿನ ಸಿ.ಡಿ.ಗಳ ಕಟ್ಟು ಸಿಗುವುದುಂಟು. ವಿದ್ಯಾರ್ಥಿಗಳ ವರದಿ, ನುಡಿಯಲ್ಲೋ ಬರಹದಲ್ಲೋ ಬೆರಳಚ್ಚು ಮಾಡಿದ ಟಿಪ್ಪಣಿ, 2004ರ ಜೂನ್ 8ರ ಶುಕ್ರ ಸಂಕ್ರಮಣದ ಚಿತ್ರಗಳು. ಎಷ್ಟೋ ವೇಳೆ ಬೇರೆ ಪ್ರತಿ ಇರುವುದಿಲ್ಲ. 2012ರ ಸಂಕ್ರಮಣವೂ ಮುಗಿದಿದೆ, ಮುಂದಿನದು 2117ರಲ್ಲಿ!

ಈ ಸಿ.ಡಿ.ಗಳೇಕೆ ಕೆಡುತ್ತವೆ? ಕಾರ್ಖಾನೆಯಲ್ಲಿ ಅಚ್ಚಾದ ಸಿ.ಡಿ.ಯಲ್ಲಿ ಮಾಹಿತಿ ಗುಳಿಗಳ ರೂಪದಲ್ಲಿರುತ್ತದೆ. 780 ನ್ಯಾನೋಮೀಟರ್ ಲೇಸರ್ ಬೆಳಕಿನ ತರಂಗದೂರ ಪಾಲಿಕಾರ್ಬೊನೇಟ್‌ನೊಳಗೆ (ವಕ್ರೀಭವನಾಂಕ ಸುಮಾರು 1.55) 500 ನ್ಯಾನೋಮೀಟರ್‌ನಷ್ಟಾಗುತ್ತದೆ. ಗುಳಿಯ ಆಳ ಅದರ ಕಾಲು ಭಾಗದ ಆಸುಪಾಸು. ಹೋಗಿ ಬರುವ ಪಥವ್ಯತ್ಯಾಸ ಅರ್ಧ ತರಂಗದೂರವಾಗುವುದರಿಂದ ವ್ಯತಿಕರಣದಿಂದ ಬೆಳಕು ಕ್ಷೀಣಿಸುತ್ತದೆ. ನಾವೇ ಬರೆದ ಸಿ.ಡಿ.-ಆರ್‌ನಲ್ಲಿ ಹಾಗಲ್ಲ. ಅಲ್ಲಿ ಲೇಸರ್ ಸಾವಯವ ಬಣ್ಣದ ಪದರವನ್ನು ಕಾಯಿಸಿ ಗುರುತು ಮಾಡಿರುತ್ತದೆ. ಬಿಸಿಲು, ಶಾಖ, ತೇವದಿಂದ ಬಣ್ಣ ಕೆಟ್ಟಂತೆ ಗುರುತಿಗೂ ಹಿನ್ನೆಲೆಗೂ ಇರುವ ಅಂತರ ಅಳಿಯುತ್ತದೆ.

ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇಲ್ಲ. ಯುಎಸ್‌ಬಿ ಡ್ರೈವ್ ಜೋಡಿಸಬೇಕು. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದ ವಿದ್ಯುತ್ತು 500 ಮಿಲಿಆಂಪಿಯರ್ ಮಾತ್ರ. ಮೋಟಾರು ತಿರುಗಲಾರಂಭಿಸುವಾಗ ಅದಕ್ಕಿಂತ ಹೆಚ್ಚು ಬೇಕಾಗಬಹುದು. ಡಿಸ್ಕ್ ತಿರುಗಿ ತಿರುಗಿ ನಿಂತರೆ ಡಿಸ್ಕನ್ನು ದೂರುವ ಮೊದಲು ಎರಡು ತಲೆಯ ಕೇಬಲ್ ಅಥವಾ ಸ್ವಂತ ವಿದ್ಯುತ್ತಿರುವ ಹಬ್ ಬಳಸಿ ನೋಡಿ.

ಯುನಿಕ್ಸ್ ಸಂಪ್ರದಾಯದಲ್ಲಿ ಉಪಕರಣವೂ ಒಂದು ಕಡತ. ಈಗಿನ ಲಿನಕ್ಸ್‌ನಲ್ಲಿ ಮೊದಲ ಡ್ರೈವ್‌ನ ಹೆಸರು ‘/ಡೆವ್/ಎಸ್‌ಆರ್0’. ಹಳೆಯ ಪುಸ್ತಕಗಳಲ್ಲಿರುವ ‘ಎಚ್‌ಡಿಸಿ’ ಐಡಿಇ ಕಾಲದ್ದು. ಅದನ್ನು ನಕಲು ಮಾಡಿದರೆ ಕೆಲಸವಾಗದು. ‘ಮೌಂಟ್’ ಆದೇಶದಿಂದ ಈ ಉಪಕರಣವನ್ನು ಒಂದು ಕಡತಕೋಶಕ್ಕೆ ಕೂಡಿಸಿದರೆ ಒಳಗಿನ ಕಡತಗಳು ಕಾಣುತ್ತವೆ. ದತ್ತಾಂಶದ ಸಿ.ಡಿ.ಗೆ ಸಾಮಾನ್ಯವಾಗಿ ಐಎಸ್‌ಒ 9660 ಕಡತವ್ಯವಸ್ಥೆ ಇರುತ್ತದೆ. (ಹಾಡಿನ ಸಿ.ಡಿ.ಗೆ ಕಡತವ್ಯವಸ್ಥೆಯೇ ಇಲ್ಲ. ಅದು ಮೌಂಟ್ ಆಗದಿದ್ದರೆ ಗಾಬರಿ ಬೇಡ.) ಟ್ರೇ ಹೊರಬರದಿದ್ದರೆ ಯಾವುದೋ ಕಿಟಕಿ ಇನ್ನೂ ಆ ಕೋಶದೊಳಗೇ ಇದೆ ಎಂದರ್ಥ; ಅದನ್ನು ಮುಚ್ಚಿ ‘ಯುಮೌಂಟ್’ ಮಾಡಿ.

ಆದರೆ ಹಳೆಯ ಸಿ.ಡಿ.ಯನ್ನು ಮೌಂಟ್ ಮಾಡಿ ಒಂದೊಂದೇ ಕಡತ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಕೆಟ್ಟ ಜಾಗದಲ್ಲಿ ಡ್ರೈವ್ ಮತ್ತೆ ಮತ್ತೆ ತಡಕಾಡುತ್ತದೆ, ನಕಲು ನಿಂತುಹೋಗುತ್ತದೆ. ಉಪಕರಣವೇ ಕಡತವಾದ್ದರಿಂದ ಇಡೀ ಡಿಸ್ಕನ್ನು ಒಂದೇ ಬಿಂಬವಾಗಿ ಇಳಿಸಿಕೊಳ್ಳಬಹುದಲ್ಲ! ಇದಕ್ಕೆ ಗ್ನೂ ಯೋಜನೆಯ ‘ಡಿಡಿರೆಸ್ಕ್ಯೂ’ ಉಚಿತವಾಗಿ ಲಭ್ಯ. ಖಂಡದ ಅಳತೆ 2048 ಬೈಟ್ ಎಂದು ತಿಳಿಸಿ. ಅದು ಮೊದಲು ಸುಲಭವಾಗಿ ಸಿಗುವುದನ್ನೆಲ್ಲ ಓದಿ, ಕಷ್ಟದ ಖಂಡಗಳಿಗೆ ಆಮೇಲೆ ಮರಳುತ್ತದೆ. ಯಾವುದು ಉಳಿಯಿತೆಂದು ನಕ್ಷೆಯ ಕಡತದಲ್ಲಿ ಬರೆದಿಡುತ್ತದೆ. ನಕ್ಷೆಯನ್ನು ಅಳಿಸಬೇಡಿ. ಅದೇ ಡಿಸ್ಕನ್ನು ಇನ್ನೊಂದು ಡ್ರೈವ್‌ಗೆ ಹಾಕಿ ಅದೇ ಆದೇಶ ಕೊಟ್ಟರೆ ಉಳಿದ ಖಂಡಗಳನ್ನಷ್ಟೇ ಓದುತ್ತದೆ. ಒಂದು ಡ್ರೈವ್ ಬಿಟ್ಟದ್ದನ್ನು ಮತ್ತೊಂದು ಓದುವುದುಂಟು. ಹಾಗಾಗಿ ಮೂಲೆಗೆ ಬಿದ್ದ ಹಳೆಯ ಡ್ರೈವ್‌ಗಳನ್ನು ಗುಜರಿಗೆ ಕೊಡಬೇಡಿ. ಮುಂದಿನ ಕೆಲಸವೆಲ್ಲ ಆ ಬಿಂಬವನ್ನು ಮೌಂಟ್ ಮಾಡಿ ನಡೆಯಲಿ.

ಉಳಿಸಿಕೊಂಡ ಕನ್ನಡ ಕಡತ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ ಅದು ಡಿಸ್ಕ್‌ನ ದೋಷವಲ್ಲದಿರಬಹುದು. ಆಗಿನ ನುಡಿ, ಬರಹ ಕಡತಗಳು ಬಹುಮಟ್ಟಿಗೆ ಯುನಿಕೋಡ್ ಅಲ್ಲ, ಅಕ್ಷರಶೈಲಿಗೆ ಅಂಟಿಕೊಂಡವು. ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ತಂದು, ಮೂಲ ಕಡತವನ್ನೂ ಜೊತೆಗಿಡಿ.