ದೇವಪುತ್ರನ ಪ್ರಾರ್ಥನೆ

ಬೈಬಲಿನ ಸುವಾರ್ತೆಗಳನ್ನು ಮೊದಲ ಸಲ ಓದುವವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಕ್ರೈಸ್ತರು ಯೇಸುವನ್ನು ದೇವರೆಂದೇ ನಂಬುತ್ತಾರೆ. ಹಾಗಿದ್ದರೆ ಆತನು ಪ್ರಾರ್ಥಿಸಿದ್ದು ಯಾರನ್ನು? ಬೇಡುವವನೂ ನೀಡುವವನೂ ಒಬ್ಬನೇ ಆದರೆ ಬೇಡಿಕೆಗೆ ಅರ್ಥವೆಲ್ಲಿಯದು? ಪ್ರಶ್ನೆ ಚಿಕ್ಕದು, ಆದರೆ ಅದಕ್ಕೆ ಉತ್ತರ ಹುಡುಕಲು ಕ್ರೈಸ್ತ ಚಿಂತಕರು ಶತಮಾನಗಳನ್ನೇ ತೆಗೆದುಕೊಂಡರು. ಒಬ್ಬನಂತೂ ಅದಕ್ಕಾಗಿ ತನ್ನ ನಾಲಗೆಯನ್ನೇ ತೆತ್ತನು.

ಯೇಸು ಪ್ರಾರ್ಥಿಸಿದನೆಂಬುದನ್ನು ನಾಲ್ಕು ಸುವಾರ್ತೆಗಳೂ ಹೇಳುತ್ತವೆ. ಲೂಕನು ಇದನ್ನು ಮತ್ತೆ ಮತ್ತೆ ನೆನಪಿಸುತ್ತಾನೆ: ದೀಕ್ಷಾಸ್ನಾನವಾದಾಗ, ಹನ್ನೆರಡು ಮಂದಿ ಶಿಷ್ಯರನ್ನು ಆರಿಸುವ ಮುನ್ನ ಬೆಟ್ಟದ ಮೇಲೆ ರಾತ್ರಿಯೆಲ್ಲ, ಕಡೆಗೆ ಶಿಲುಬೆಯ ಮೇಲೆ. ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯವು ಇಡಿಯಾಗಿ ಪ್ರಾರ್ಥನೆಯೇ. ಆದರೆ ಎಲ್ಲಕ್ಕಿಂತ ಹೃದಯಸ್ಪರ್ಶಿಯಾದುದು ಗೆತ್ಸೇಮನೆಯ ಪ್ರಾರ್ಥನೆ. ಯೆರೂಸಲೇಮಿನ ಹೊರಗೆ, ತಾನು ಬಂಧಿತನಾಗಲಿದ್ದ ರಾತ್ರಿ, ಶಿಷ್ಯರು ನಿದ್ರಿಸುತ್ತಿರಲು ಆತನು ನೆಲದ ಮೇಲೆ ಬಿದ್ದು ಬೇಡಿದನು. ಸಂಕಟದ ಪಾತ್ರೆಯು ತನ್ನಿಂದ ತೊಲಗಲೆಂದು ಕೇಳಿಕೊಂಡನು. ಆದರೂ ನಡೆಯಬೇಕಾದುದು ತನ್ನ ಇಚ್ಛೆಯಲ್ಲ, ತಂದೆಯ ಇಚ್ಛೆ ಎಂದು ಒಪ್ಪಿಸಿಕೊಂಡನು. ಮಾರ್ಕನು ಇಲ್ಲಿ ಯೇಸುವಿನ ಆಡುಭಾಷೆಯಾದ ಅರಮಾಯಿಕ್ಕಿನ 'ಅಬ್ಬ' ಎಂಬ ಪದವನ್ನೇ ಉಳಿಸಿಕೊಂಡಿದ್ದಾನೆ. ಅದು ಎಳೆಮಗುವಿನ ತೊದಲು ಎಂದು ಕೆಲವರು ಹೇಳಿದ್ದುಂಟು. ಆದರೆ ಬೆಳೆದ ಮಕ್ಕಳೂ ತಂದೆಯನ್ನು ಹಾಗೆಯೇ ಕರೆಯುತ್ತಿದ್ದರೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ನಮ್ಮ 'ಅಪ್ಪ' ಎಂಬ ಮಾತಿನಲ್ಲಿರುವ ಸಲಿಗೆ, ಗೌರವ ಎರಡೂ ಅದರಲ್ಲಿವೆ ಎನ್ನಬಹುದು.

ಪುರಾಣಗಳನ್ನು ಕೇಳಿ ಬೆಳೆದ ನಮಗೆ ಒಂದು ಸಮಾಧಾನ ಥಟ್ಟನೆ ಹೊಳೆಯುತ್ತದೆ: ಇದು ಲೀಲೆ, ಲೋಕಶಿಕ್ಷಣಕ್ಕಾಗಿ ಮಾಡಿ ತೋರಿಸಿದ್ದು. ಶಿಷ್ಯರಿಗೆ ಪ್ರಾರ್ಥಿಸುವುದನ್ನು ಯೇಸು ಕಲಿಸಿದನೆಂಬುದು ನಿಜ. ಆದರೆ ಗೆತ್ಸೇಮನೆಯ ಸಂಕಟವನ್ನು ಬರಿಯ ಪಾಠವೆನ್ನಲು ಕ್ರೈಸ್ತಸಭೆ ಒಪ್ಪಲಿಲ್ಲ. ಮೂರನೆಯ ಶತಮಾನದಲ್ಲಿ ಸಬೆಲ್ಲಿಯಸನ ಪಂಥದವರು ತಂದೆ, ಮಗ ಎಂಬುವು ಒಬ್ಬನೇ ದೇವರ ಬೇರೆ ಬೇರೆ ರೂಪಗಳೆಂದರು. ಹಾಗಾದರೆ ಪ್ರಾರ್ಥನೆ ಸ್ವಗತವಾದೀತು. ಅಲೆಕ್ಸಾಂಡ್ರಿಯದ ಆರಿಯಸನು ಇದಕ್ಕೆ ವಿರುದ್ಧವಾದ ತುದಿಗೆ ಹೋಗಿ, ಮಗನು ಸೃಷ್ಟಿಗೆ ಸೇರಿದವನು, ತಂದೆಗಿಂತ ಕೆಳಗಿನವನು ಎಂದನು. ಆಗ ಪ್ರಾರ್ಥನೆಗೆ ಅರ್ಥ ಬಂದೀತು. ಆದರೆ ಕ್ರಿಸ್ತನ ದೈವತ್ವ ಹೋದೀತು. 325ರಲ್ಲಿ ನಿಕೇಯ ನಗರದಲ್ಲಿ ಸೇರಿದ ಬಿಷಪ್ಪರ ಮಹಾಸಭೆಯು ಆರಿಯಸನ ವಾದವನ್ನು ತಿರಸ್ಕರಿಸಿತು.

ಹಾಗಾದರೆ ಸಭೆಯ ಉತ್ತರವೇನು? ಅದಕ್ಕೆ ಎರಡು ಮುಖಗಳಿವೆ. ಮೊದಲನೆಯದು, ದೇವರು ಒಬ್ಬನೇ ಆದರೂ ತಂದೆಯೇ ಮಗನಲ್ಲ, ಮಗನೇ ತಂದೆಯಲ್ಲ. ಮಗನು ಅನಾದಿಯಿಂದ ಎಲ್ಲವನ್ನೂ ತಂದೆಯಿಂದ ಪಡೆದು ತಂದೆಯ ಕಡೆಗೇ ಮುಖ ಮಾಡಿದವನು. ಭೂಮಿಯ ಮೇಲಿನ ಆತನ ಪ್ರಾರ್ಥನೆಯು ಆ ಸಂಬಂಧವೇ ಮನುಷ್ಯರ ಭಾಷೆಯಲ್ಲಿ ಕೇಳಿಸಿದಂತೆ. ಎರಡನೆಯದು, 451ರ ಕಲ್ಸೆದೋನ್ ಮಹಾಸಭೆಯ ನಿರ್ಣಯ: ಕ್ರಿಸ್ತನು ಒಬ್ಬನೇ ವ್ಯಕ್ತಿ, ಆದರೆ ಪೂರ್ಣವಾಗಿ ದೇವರು, ಪೂರ್ಣವಾಗಿ ಮನುಷ್ಯ. ಪ್ರಾರ್ಥಿಸುವುದು ಮನುಷ್ಯನ ಸ್ವಭಾವ. ಆದುದರಿಂದ ಆತನು ಪ್ರಾರ್ಥಿಸಿದನು.

ಇಷ್ಟಾದರೂ ಗೆತ್ಸೇಮನೆಯ ತೊಡಕು ಬಿಡಲಿಲ್ಲ. ಕಲ್ಸೆದೋನಿನ ನಿರ್ಣಯವನ್ನು ಈಜಿಪ್ಟ್, ಸಿರಿಯಗಳ ಬಹುಮಂದಿ ಕ್ರೈಸ್ತರು ಒಪ್ಪಿರಲಿಲ್ಲ. ಅವರನ್ನು ಒಲಿಸಿಕೊಳ್ಳಲು ಚಕ್ರವರ್ತಿ ಹೆರಾಕ್ಲಿಯಸನು 638ರಲ್ಲಿ ಶಾಸನವೊಂದನ್ನು ಹೊರಡಿಸಿ, ಕ್ರಿಸ್ತನಿಗಿದ್ದುದು ಒಂದೇ ಇಚ್ಛೆ ಎಂದು ಸಾರಿದನು. ಮ್ಯಾಕ್ಸಿಮಸ್ ಎಂಬ ಸಂನ್ಯಾಸಿ ಇದನ್ನು ಎದುರಿಸಿದನು. ಆತನ ವಾದಕ್ಕೆ ಆಧಾರವಾದುದು ಗೆತ್ಸೇಮನೆಯ ಪ್ರಾರ್ಥನೆಯೇ. ತಂದೆಯ ಇಚ್ಛೆಗೆ ಅಲ್ಲಿ ಒಪ್ಪಿದವರು ಯಾರು? ದೇವರಾಗಿ ಮಗನ ಇಚ್ಛೆಯೂ ತಂದೆಯ ಇಚ್ಛೆಯೂ ಒಂದೇ. ಒಂದೇ ಆದುದು ತನಗೆ ತಾನು ವಿಧೇಯವಾಗುವುದೆಂಬ ಮಾತಿಲ್ಲ. ಆದುದರಿಂದ ಒಪ್ಪಿದ್ದು ಆತನ ಮಾನವ ಇಚ್ಛೆ. ಸಾವಿಗೆ ಅಳುಕಿದ್ದೂ ಅದೇ. ಅಳುಕುವುದು ಪಾಪವಲ್ಲ, ಬದುಕಬಯಸುವ ಜೀವದ ಸಹಜಧರ್ಮ. ಅಳುಕಿದ ಆ ಇಚ್ಛೆಯೇ ಬಲವಂತವಿಲ್ಲದೆ ತಂದೆಯ ಕಡೆಗೆ ತಿರುಗಿತು. ಕ್ರಿಸ್ತನಿಗೆ ಮಾನವ ಇಚ್ಛೆಯೇ ಇಲ್ಲವೆಂದರೆ ಆತನ ಮನುಷ್ಯತ್ವ ಬರಿಯ ವೇಷವಾಗುತ್ತದೆ. ಮನುಷ್ಯನ ಇಚ್ಛೆ ಉದ್ಧಾರವಾಗದೆಯೇ ಉಳಿಯುತ್ತದೆ.

648ರಲ್ಲಿ ಚಕ್ರವರ್ತಿ ಎರಡನೆಯ ಕಾನ್‌ಸ್ಟಾನ್ಸನು ಈ ಚರ್ಚೆಯನ್ನೇ ನಿಷೇಧಿಸಿದನು. ಮ್ಯಾಕ್ಸಿಮಸ್ ಸುಮ್ಮನಾಗಲಿಲ್ಲ. 662ರಲ್ಲಿ ಎಂಬತ್ತು ದಾಟಿದ ಆ ವೃದ್ಧನ ನಾಲಗೆಯನ್ನೂ ಬಲಗೈಯನ್ನೂ ಕತ್ತರಿಸಿ ಕಾಕಸಸ್ ಸೀಮೆಗೆ ಗಡೀಪಾರು ಮಾಡಿದರು; ಅದೇ ವರ್ಷ ಆತನು ತೀರಿಕೊಂಡನು. 680–681ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸೇರಿದ ಮಹಾಸಭೆಯು ಕ್ರಿಸ್ತನಿಗೆ ದೈವ, ಮಾನವ ಎಂಬ ಎರಡು ಇಚ್ಛೆಗಳಿದ್ದುವೆಂದು ಸಾರಿತು. ಮ್ಯಾಕ್ಸಿಮಸನ ಮಾತು ಸಭೆಯ ಮಾತಾಯಿತು. ಕಲ್ಸೆದೋನನ್ನು ಒಪ್ಪದ ಕಾಪ್ಟಿಕ್, ಸಿರಿಯನ್ ಮುಂತಾದ ಸಭೆಗಳು ಇದನ್ನು ಬೇರೆ ಮಾತುಗಳಲ್ಲಿ ಹೇಳುತ್ತವೆ. ಆದರೂ ಕ್ರಿಸ್ತನ ಮನುಷ್ಯತ್ವ ಪೂರ್ಣವಾದುದೆಂಬುದರಲ್ಲಿ ಅವಕ್ಕೂ ಸಂದೇಹವಿಲ್ಲ.

ಕೊನೆಯದಾಗಿ ಒಂದು ಮಾತು. ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯವು ಯೇಸು ಕಣ್ಣೀರಿಡುತ್ತ ಮಾಡಿದ ಪ್ರಾರ್ಥನೆಯನ್ನು ದೇವರು ಲಾಲಿಸಿದನೆಂದು ಹೇಳುತ್ತದೆ. ಆದರೆ ಪಾತ್ರೆ ತೊಲಗಲಿಲ್ಲ. ಮರುದಿನ ಶಿಲುಬೆ ತಪ್ಪಲಿಲ್ಲ. ಹಾಗಾದರೆ ಲಾಲಿಸಿದನೆಂದರೇನು? ಪ್ರಾರ್ಥನೆಯೆಂದರೆ ದೇವರ ಮನಸ್ಸನ್ನು ನಮ್ಮ ಬಯಕೆಗೆ ಬಗ್ಗಿಸುವ ಉಪಾಯವಲ್ಲ. ಬಯಕೆಯನ್ನು ಮರೆಮಾಚದೆ ಹೇಳಿಕೊಂಡು, ಬಳಿಕ ಅದನ್ನು ಆತನ ಕೈಗೆ ಒಪ್ಪಿಸುವುದು ಎಂದು ಕ್ರೈಸ್ತ ಚಿಂತಕರು ಇದರಿಂದ ತಿಳಿದುಕೊಂಡರು. ಆ ರಾತ್ರಿ ನೆಲದ ಮೇಲೆ ಬಿದ್ದಿದ್ದವನು ಎದ್ದು ನಿಂತು, ತನ್ನನ್ನು ಹಿಡಿಯಬಂದವರಿಗೆ ತಾನೇ ಎದುರಾಗಿ ನಡೆದನು. ಆ ಪ್ರಾರ್ಥನೆಗೆ ದೊರೆತ ಉತ್ತರ ಅದೇ ಇರಬೇಕು.