ಹಳೇ ಜೀಪಿಗೆ ಹೊಸ ಟೈರು: ದುಡ್ಡು ಎಣಿಸುವ ಮುಂಚೆ ನೀವೂ ನಾಲ್ಕು ಮಾತು ಕೇಳಿ

ಮಾವನವರ ಕಾಲದ ಜೀಪು ಶೆಡ್ಡಿನಲ್ಲಿ ಧೂಳು ತಿನ್ನುತ್ತಾ ನಿಂತಿದೆ. ಈಗ ಮಗನಿಗೋ ಯಜಮಾನರಿಗೋ ಅದನ್ನು ‘ರೆಡಿ ಮಾಡಿಸೋ’ ಹುಮ್ಮಸ್ಸು. ದೊಡ್ಡ ಟೈರು, ಎತ್ತರದ ಬಾಡಿ, ಮುಂದೊಂದು ಕಬ್ಬಿಣದ ಗಾರ್ಡು, ಮೇಲೆ ಸಾಲು ದೀಪ. ಪಟ್ಟಿ ಬೆಳೆಯುತ್ತಲೇ ಹೋಗುತ್ತೆ. “ಅದೆಲ್ಲಾ ಗಂಡಸರ ವಿಷಯ ಬಿಡಿ” ಅಂತ ನೀವು ಒಗ್ಗರಣೆ ಕಡೆ ತಿರುಗಿಬಿಡ್ತೀರಿ. ಹಾಗೆ ಮಾಡಬೇಡಿ. ಖರ್ಚಾಗೋದು ಮನೆಯ ದುಡ್ಡು, ಆ ಜೀಪಿನ ಹಿಂದಿನ ಸೀಟಿನಲ್ಲಿ ಕೂರೋದು ನಿಮ್ಮ ಮಕ್ಕಳು.

ಅದರಲ್ಲೂ ನಿಮ್ಮ ತವರೋ ಹೊಲವೋ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಇದ್ದರೆ ಈ ಮಾತು ನಿಮಗೇ. ಈ ಐದೂ ತಾಲ್ಲೂಕುಗಳು 2021ರಲ್ಲಿ ಹೊಸಪೇಟೆ ಜೊತೆ ಸೇರಿ ವಿಜಯನಗರ ಜಿಲ್ಲೆಯಾದವು. ಜಿಲ್ಲೆ ಒಂದೇ ಆದರೂ ನೆಲ ಒಂದೇ ಅಲ್ಲ. ಕೂಡ್ಲಿಗಿ ಕಡೆ ಕೆಂಪು ಮಣ್ಣು, ಬಂಡೆ, ಗರಸು. ಹಡಗಲಿ ಕಡೆ ಹೊಳೆ ದಂಡೆಗೆ ಹೋದರೆ ಎರೆ ಭೂಮಿ. ಒಂದು ಮಳೆ ಬಿದ್ದರೆ ಸಾಕು, ಚಪ್ಪಲಿ ಕಾಲಿನಿಂದ ಕಿತ್ತುಕೊಂಡು ಅಲ್ಲೇ ಉಳಿಯುತ್ತೆ. ಯಾವ ಟೈರು ಬೇಕು ಅನ್ನೋದನ್ನು ಹೇಳೋದು ಅಂಗಡಿಯವನಲ್ಲ, ಈ ಮಣ್ಣು.

ಮೊದಲು ಇದನ್ನು ನೋಡಿ: ಅದು ನಿಜವಾಗಿ ಫೋರ್ ವೀಲಾ?

ಜೀಪು ಅಂದ ಮಾತ್ರಕ್ಕೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುತ್ತೆ ಅಂತ ಅಲ್ಲ. ಮಹೀಂದ್ರ ಎಂಎಂ 540, 1985ರಲ್ಲಿ ಬಂದ ಮಾರುತಿ ಜಿಪ್ಸಿ ಇವೆಲ್ಲ ಫೋರ್ ವೀಲ್ ಗಾಡಿಗಳು. ಆದರೆ ಹಳ್ಳಿ ರಸ್ತೆಯಲ್ಲಿ ಜನರನ್ನು ತುಂಬಿಕೊಂಡು ಓಡಾಡುತ್ತಿದ್ದ ಕಮಾಂಡರ್‌ಗಳಲ್ಲಿ, ಆಮೇಲೆ ಬಂದ ಬೊಲೆರೊಗಳಲ್ಲಿ ಹೆಚ್ಚಿನವು ಹಿಂದಿನ ಎರಡು ಚಕ್ರದಿಂದಲೇ ಓಡುವಂಥವು.

ಗುರುತು ಹಿಡಿಯೋದು ಕಷ್ಟವಲ್ಲ. ಗೇರ್ ರಾಡಿನ ಪಕ್ಕ ಇನ್ನೊಂದು ಚಿಕ್ಕ ರಾಡು ಇದೆಯಾ ನೋಡಿ. ಆಮೇಲೆ ಬಗ್ಗಿ ಮುಂದಿನ ಚಕ್ರಗಳ ನಡುವೆ ಇಣುಕಿ. ಹಿಂದೆ ಇರುವಂತೆಯೇ ಮುಂದೆಯೂ ಕುಂಬಳಕಾಯಿಯಂಥ ಕಬ್ಬಿಣದ ಗಡ್ಡೆ ಇದ್ದರೆ ಅದು ಫೋರ್ ವೀಲು. ಇಲ್ಲದಿದ್ದರೆ ಎಷ್ಟು ದುಬಾರಿ ಟೈರು ಹಾಕಿದರೂ ಎಳೆಯೋದು ಎರಡೇ ಚಕ್ರ.

ಮೊದಲ ದುಡ್ಡು ಎಲ್ಲಿಗೆ?

ಹಪ್ಪಳ ಕರಿಯುವ ಮುಂಚೆ ಅನ್ನ ಆಗಿರಬೇಕಲ್ವಾ? ಇಲ್ಲೂ ಹಾಗೇ. ಮೊದಲ ಖರ್ಚು ಬ್ರೇಕಿಗೆ. ಎರಡನೆಯದು ಸ್ಟಿಯರಿಂಗಿಗೆ. ಮೂರನೆಯದು ಕೆಳಗಿನ ಸ್ಪ್ರಿಂಗ್ ಪಟ್ಟಿ ಮತ್ತು ಬುಷ್‌ಗಳಿಗೆ. ನಾಲ್ಕನೆಯದು ಎಂಜಿನ್, ಗೇರ್ ಬಾಕ್ಸ್, ಮುಂದಿನ ಹಿಂದಿನ ಗಡ್ಡೆಗಳ ಆಯಿಲ್ ಬದಲಾವಣೆಗೆ. ಐದನೆಯದು ಸೀಟ್ ಬೆಲ್ಟಿಗೆ. ಆಮೇಲೆ ಟೈರು. ಬಣ್ಣ, ದೀಪ, ಸ್ಟಿಕ್ಕರ್ ಎಲ್ಲಾ ಕೊನೆಗೆ, ದುಡ್ಡು ಉಳಿದರೆ.

ಹಳೇ ಜೀಪುಗಳಲ್ಲಿ ಬಹುಪಾಲು ಡ್ರಮ್ ಬ್ರೇಕ್. ಹಳ್ಳದ ನೀರಿನಲ್ಲಿ ಇಳಿದು ಹತ್ತಿದ ಮೇಲೆ ಅವು ಸರಿಯಾಗಿ ಹಿಡಿಯೋದಿಲ್ಲ. ನಿಧಾನವಾಗಿ ಹೋಗುತ್ತಾ ನಾಲ್ಕಾರು ಸಲ ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಿಕೊಳ್ಳಬೇಕು. ಯಜಮಾನರಿಗೆ ಗೊತ್ತಿದ್ದರೂ ಒಮ್ಮೆ ನೆನಪಿಸಿ, ತಪ್ಪೇನಿಲ್ಲ.

ಟೈರಿನಲ್ಲಿ ಮೂರು ಜಾತಿ

ಅಂಗಡಿಯಲ್ಲಿ ಎಚ್.ಟಿ., ಎ.ಟಿ., ಎಂ.ಟಿ. ಅಂತಾರೆ. ಗಾಬರಿ ಬೇಡ.

ಎಚ್.ಟಿ. ಅಂದರೆ ಡಾಂಬರು ರಸ್ತೆಯ ಟೈರು. ಸದ್ದು ಕಮ್ಮಿ, ಡೀಸೆಲ್ ಉಳಿತಾಯ, ಮಳೆಯಲ್ಲಿ ಒದ್ದೆ ರಸ್ತೆಯ ಮೇಲೆ ಒಳ್ಳೆ ಹಿಡಿತ. ಕೆಸರಿಗೆ ಇಳಿದರೆ ಮಾತ್ರ ಕೈ ಚೆಲ್ಲುತ್ತೆ.

ಎ.ಟಿ. ಅಂದರೆ ಅಲ್ಲಿಗೂ ಇಲ್ಲಿಗೂ ಸಲ್ಲುವುದು. ಬಟನ್ ಸ್ವಲ್ಪ ದಪ್ಪ, ನಡುವಿನ ಕಾಲುವೆ ಸ್ವಲ್ಪ ಅಗಲ. ಗರಸು, ಕೆಂಪು ಮಣ್ಣು, ಹೊಲದ ದಾರಿಗೆ ಧಾರಾಳ ಸಾಕು.

ಎಂ.ಟಿ. ಅಂದರೆ ಕೆಸರಿನ ಟೈರು. ದೊಡ್ಡ ದೊಡ್ಡ ಬಟನ್. ಡಾಂಬರಿನ ಮೇಲೆ ಗುಂಯ್ ಅಂತ ಸದ್ದು, ಬೇಗ ಸವೆತ, ಡೀಸೆಲ್ಲೂ ಹೆಚ್ಚು. ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಾಕಿದರೆ ಎಚ್.ಟಿ.ಯಷ್ಟು ಬೇಗ ನಿಲ್ಲೋದಿಲ್ಲ.

“ಹಾಗಾದರೆ ಎರೆ ಭೂಮಿಗೆ ಎಂ.ಟಿ.ಯೇ ಬೇಕಲ್ಲ?” ಅಂತೀರಾ? ಚಪಾತಿ ಹಿಟ್ಟು ನಾದುವಾಗ ನೀರು ಹೆಚ್ಚಾದರೆ ಬೆರಳ ಸಂದಿಯೆಲ್ಲ ಮೆತ್ತಿಕೊಳ್ಳುತ್ತಲ್ಲ, ಒದ್ದೆ ಎರೆ ಮಣ್ಣು ಟೈರಿನ ಸಂದಿಗೂ ಹಾಗೇ ಮೆತ್ತಿಕೊಳ್ಳುತ್ತೆ. ಸಂದಿ ಅಗಲವಿದ್ದರೆ ಚಕ್ರ ತಿರುಗುವಾಗ ಮಣ್ಣು ಉದುರುತ್ತೆ, ಅದಕ್ಕೇ ಎಂ.ಟಿ. ಆದರೆ ಜೋರು ಮಳೆ ಬಿದ್ದ ಎರೆ ಹೊಲದಲ್ಲಿ ಎಂಥ ಟೈರಿದ್ದರೂ ಗಾಡಿ ಜಾರುತ್ತೆ, ಹೂಳುತ್ತೆ. ನೆಲ ಒಣಗುವವರೆಗೆ ಕಾಯೋದೇ ಜಾಣತನ. ವರ್ಷದಲ್ಲಿ ನಾಲ್ಕು ಸಲ ಊರಿಗೆ ಹೋಗಿ ಉಳಿದ ದಿನ ಪೇಟೆಯಲ್ಲೇ ಓಡುವ ಗಾಡಿಗೆ ಎ.ಟಿ. ಸಾಕು. ಎಂ.ಟಿ. ಬೇಕಾಗೋದು ದಿನಾ ಹೊಲಕ್ಕೆ ಇಳಿಯುವವರಿಗೆ.

ದೊಡ್ಡ ಟೈರಿನ ಆಸೆ

ಟೈರಿನ ಮೈಮೇಲೆ 215/75 ಆರ್ 15 ಅಂತ ಬರೆದಿರುತ್ತೆ. 215 ಅಂದರೆ ಅಗಲ, ಮಿಲಿಮೀಟರಿನಲ್ಲಿ. 75 ಅಂದರೆ ಆ ಅಗಲದ ನೂರಕ್ಕೆ 75 ಪಾಲು ಪಕ್ಕದ ಗೋಡೆಯ ಎತ್ತರ. 15 ಅಂದರೆ ರಿಮ್ಮಿನ ಅಳತೆ, ಇಂಚಿನಲ್ಲಿ. ಇದರ ಜಾಗಕ್ಕೆ 235/75 ಆರ್ 15 ಹಾಕಿದರೆ ಏನಾಗುತ್ತೆ? ಟೈರಿನ ಒಟ್ಟು ಎತ್ತರ ಸುಮಾರು 703 ಮಿಲಿಮೀಟರಿನಿಂದ 733ಕ್ಕೆ ಏರುತ್ತೆ. ಅದರಲ್ಲಿ ಅರ್ಧ ಮಾತ್ರ ಗಾಡಿಯನ್ನು ಎತ್ತುತ್ತೆ. ಅಂದರೆ ನೆಲದಿಂದ ಸಿಗೋದು ಬರೀ ಒಂದೂವರೆ ಸೆಂಟಿಮೀಟರ್!

ಅದಕ್ಕೆ ತೆರುವ ಬೆಲೆ ನೋಡಿ. ಮೀಟರು 50 ತೋರಿಸುವಾಗ ಗಾಡಿ 52ರಲ್ಲಿ ಓಡುತ್ತಿರುತ್ತೆ. ಎಂಜಿನ್ನಿಗೆ ಎಳೆಯೋದು ಕಷ್ಟ, ಬ್ರೇಕಿಗೆ ನಿಲ್ಲಿಸೋದು ಕಷ್ಟ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಬಾಡಿಗೆ ಉಜ್ಜಲೂಬಹುದು. ಕಂಪನಿ ಹೇಳಿದ ಅಳತೆಯೇ ನಿಮ್ಮ ಪಾಲಿಗೆ ಒಳ್ಳೇದು.

ಇನ್ನೊಂದು ಮುಖ್ಯ ಮಾತು. ದುಡ್ಡು ಉಳಿಸೋಕೆ ಹಿಂದೆ ಎರಡಕ್ಕೆ ಮಾತ್ರ ದೊಡ್ಡ ಟೈರು ಹಾಕಿಸುವವರಿದ್ದಾರೆ. ಫೋರ್ ವೀಲ್ ಗಾಡಿಯಲ್ಲಿ ಇದು ಕೂಡದು. ಮುಂದಿನ, ಹಿಂದಿನ ಚಕ್ರಗಳ ಅಳತೆ ಬೇರೆಯಾದರೆ ಫೋರ್ ವೀಲ್ ಹಾಕಿದಾಗ ಒಳಗಿನ ಗೇರುಗಳು ಒಂದನ್ನೊಂದು ಜಗ್ಗಾಡಿ ಹಾಳಾಗುತ್ತವೆ. ನಾಲ್ಕೂ ಒಂದೇ ಅಳತೆ ಇರಲಿ, ಸ್ಟೆಪ್ನಿಯೂ ಅದೇ ಇರಲಿ. ಇದೇ ಕಾರಣಕ್ಕೆ ಇಂಥ ಹಳೇ ಜೀಪುಗಳಲ್ಲಿ ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ಓಡಿಸಬಾರದು.

ಅಂಗಡಿಯಲ್ಲಿ ನೀವು ನೋಡಬೇಕಾದ್ದು

ಹಡಗಲಿ ಮಲ್ಲಿಗೆ ಕೊಳ್ಳುವಾಗ ಮೊಗ್ಗು ಇವತ್ತಿನದಾ ನಿನ್ನೆಯದಾ ಅಂತ ನೋಡ್ತೀರಲ್ಲ? ಟೈರಿಗೂ ಹುಟ್ಟಿದ ದಿನ ಇದೆ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಹುಡುಕಿ. 2325 ಅಂತಿದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಗೋಡೌನಿನಲ್ಲಿದ್ದ ಟೈರನ್ನು ಹೊಸದರ ಬೆಲೆಗೆ ತಗೋಬೇಡಿ. ಶೆಡ್ಡಿನಲ್ಲಿರುವ ಜೀಪಿನ ಟೈರಿಗೆ ಬಟನ್ ಚೆನ್ನಾಗಿದ್ದರೂ ಹತ್ತು ವರ್ಷ ದಾಟಿದ್ದರೆ ತೆಗೆಸಿಬಿಡಿ, ರಬ್ಬರ್ ಒಳಗೇ ಬಿರುಕು ಬಿಟ್ಟಿರುತ್ತೆ. ಬಟನ್ನಿನ ಆಳ 1.6 ಮಿಲಿಮೀಟರಿಗೆ ಇಳಿದರಂತೂ ಆ ಟೈರಿನ ಆಯುಷ್ಯ ಮುಗಿಯಿತು.

ನಮ್ಮ ಕಡೆಯ ಇನ್ನೊಂದು ಶತ್ರು ಬಳ್ಳಾರಿ ಜಾಲಿ. ಅದರ ಮುಳ್ಳು ಚುಚ್ಚಿದರೆ ಟ್ಯೂಬಿನ ಗಾಳಿ ಬೇಗ ಹೋಗುತ್ತೆ. ಟ್ಯೂಬ್‌ಲೆಸ್ ಆದರೆ ನಿಧಾನವಾಗಿ ಇಳಿಯುತ್ತೆ, ಪಂಚರ್ ಅಂಗಡಿ ಮುಟ್ಟುವಷ್ಟು ಸಮಯ ಸಿಗುತ್ತೆ. ಆದರೆ ಹಳೇ ರಿಮ್ಮುಗಳೆಲ್ಲ ಟ್ಯೂಬ್‌ಲೆಸ್‌ಗೆ ಹೊಂದೋದಿಲ್ಲ, ಕೇಳಿಯೇ ಹಾಕಿಸಿ. ಯಾವ ಟೈರಾದರೂ ಪಕ್ಕದ ಗೋಡೆಗೆ ಮುಳ್ಳು ಇಳಿದರೆ ಪ್ಯಾಚ್ ನಂಬಬೇಡಿ.

ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿದ್ದಾಗ ನೋಡಿಸಿ. ಹಳ್ಳದ ಮರಳಿನಲ್ಲಿ ಸಿಕ್ಕಿಕೊಂಡರೆ ಗಾಳಿಯನ್ನು 20 ಪೌಂಡಿನ ಹತ್ತಿರಕ್ಕೆ ಇಳಿಸಿದರೆ ಟೈರು ಅಗಲವಾಗಿ ಊರಿ ಗಾಡಿ ಮೇಲೇಳುತ್ತೆ. ಡಾಂಬರಿಗೆ ಬಂದ ತಕ್ಷಣ ಮತ್ತೆ ತುಂಬಿಸಲೇಬೇಕು. ಕಮ್ಮಿ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರು ಕಾದು ಸಿಡಿಯಬಹುದು.

ಕಾನೂನು ಏನನ್ನುತ್ತೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ರೂಪವನ್ನು ಮನಬಂದಂತೆ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಬಾಡಿ ಕೊಯ್ಯೋದು, ಛಾಸಿ ಬದಲಿಸೋದು ಬೇಡ. ಎಂಜಿನ್ ಬದಲಿಸಬೇಕಾದರೆ ಆರ್‌ಟಿಒ ಅನುಮತಿ ಮೊದಲು. ಮುಂದಿನ ಕಬ್ಬಿಣದ ಗಾರ್ಡಿಗೆ 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬೇಡ ಅಂದಿದೆ. ಎದುರಿಗೆ ಬಂದವರಿಗೂ ಅದು ಅಪಾಯ, ಒಳಗೆ ಕೂತವರಿಗೂ ಅಪಾಯ.

ಹದಿನೈದು ವರ್ಷ ದಾಟಿದ ಗಾಡಿಗೆ ಆರ್.ಸಿ. ನವೀಕರಣ ಬೇಕು, ಅದು ಐದು ವರ್ಷಕ್ಕೊಮ್ಮೆ. 2022ರ ಏಪ್ರಿಲಿನಲ್ಲಿ ಕಾರು, ಜೀಪುಗಳಿಗೆ ಈ ಫೀಸು 600 ರೂಪಾಯಿಯಿಂದ 5,000ಕ್ಕೆ ಏರಿತು. ಹಾಗಾಗಿ ಮೆಕ್ಯಾನಿಕ್ ಹತ್ತಿರ ಹೋಗುವ ಮುಂಚೆ ಆರ್.ಸಿ. ತೆಗೆದು ತಾರೀಖು ನೋಡಿ. ಅವಧಿ ಮುಗಿದಿದ್ದರೆ ಮೊದಲು ಆರ್‌ಟಿಒ ಆಫೀಸು, ಆಮೇಲೆ ಟೈರು. ಏನೇ ಬದಲಾವಣೆ ಮಾಡಿಸಿದರೂ ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ. ಹೇಳದೆ ಇದ್ದರೆ ಅಪಘಾತವಾದಾಗ ಕ್ಲೇಮಿಗೆ ತಕರಾರು ಬರುತ್ತೆ, ಆಸ್ಪತ್ರೆ ವರಾಂಡದಲ್ಲಿ ನಿಂತು ಪಾಲಿಸಿ ಹುಡುಕುವ ಗತಿ ನಿಮ್ಮದೇ.

ಊರಿಗೆ ಹೊರಟಾಗ

ಮೈಲಾರದ ಕಾರಣಿಕಕ್ಕೋ ಕೊಟ್ಟೂರಿನ ತೇರಿಗೋ ಹೊರಟರೆ ಜನ ತುಂಬೋದು ಮಾಮೂಲು. ಹಳೇ ಜೀಪಿನ ಹಿಂದೆ ಎದುರುಬದುರು ಸೀಟಿನಲ್ಲಿ ಬೆಲ್ಟ್ ಇರೋದಿಲ್ಲ. ಚಿಕ್ಕ ಮಕ್ಕಳನ್ನು, ಬಸುರಿ ಹೆಂಗಸರನ್ನು ಅಲ್ಲಿ ಕೂರಿಸಬೇಡಿ. ಎತ್ತರದ ಗಾಡಿ ತಿರುವಿನಲ್ಲಿ ಬೇಗ ವಾಲುತ್ತೆ. ಮೇಲಿನ ಕ್ಯಾರಿಯರ್ ಮೇಲೆ ಮೂಟೆ ಏರಿಸಿದಷ್ಟೂ ಅಪಾಯ ಹೆಚ್ಚು.

ಒಳ್ಳೆ ಟೈರು ಇದೆ ಅಂತ ಎಲ್ಲಿ ಬೇಕಾದರೂ ನುಗ್ಗೋದೂ ಬೇಡ. ಗುಡೇಕೋಟೆ ಸುತ್ತಿನ ಕಾಡು ಕರಡಿಗಳದ್ದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಹಕ್ಕಿಗಳದ್ದು. 2024ರಲ್ಲಿ ಅದಕ್ಕೆ ರಾಮ್ಸರ್ ಪಟ್ಟವೂ ಸಿಕ್ಕಿದೆ. ಗಾಡಿ ದಾರಿಯಲ್ಲೇ ನಿಲ್ಲಲಿ, ನೀವು ನಡೆದು ಹೋಗಿ ನೋಡಿ ಬನ್ನಿ.

ಈ ವಾರ ಒಂದು ಕೆಲಸ ಮಾಡಿ. ಒಂದು ಹಾಳೆಯಲ್ಲಿ ಬ್ರೇಕು, ಸ್ಟಿಯರಿಂಗು, ಸ್ಪ್ರಿಂಗು, ಆಯಿಲ್ಲು, ಬೆಲ್ಟು, ಟೈರು ಅಂತ ಇದೇ ಕ್ರಮದಲ್ಲಿ ಬರೆದು, ಎರಡು ಕಡೆ ವಿಚಾರಿಸಿ ಎದುರಿಗೆ ರೇಟು ಹಾಕಿ ಯಜಮಾನರ ಕೈಗೆ ಕೊಡಿ. ದೀಪ, ಗಾರ್ಡು, ಸ್ಟಿಕ್ಕರ್ ತಾವಾಗೇ ಪಟ್ಟಿಯಿಂದ ಜಾರಿಕೊಳ್ಳುತ್ತವೆ. ಉಳಿದ ದುಡ್ಡಿನಲ್ಲಿ ನಾಲ್ಕು ಒಳ್ಳೆ ಟೈರು ಬಂದರೂ ಬರಬಹುದು!