ಉಣ್ಣೆ ಫೆಲ್ಟ್ ಮಾಡೋಕೆ ಯಾವ ವಾಷಿಂಗ್ ಮಷಿನ್? ಇಎಂಐ ಹಾಕಿಸೋ ಮೊದಲು ಇದನ್ನ ಕೇಳ್ರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಕೇಳ್ತಿದ್ದು, ಕೈಯಿಂದ ಹೆಣೆದ ಉಣ್ಣೆಯ ಚೀಲ, ಟೋಪಿ, ಮನೆಯೊಳಗೆ ಹಾಕೋ ಚಪ್ಪಲಿ ಇವನ್ನೆಲ್ಲ ಫೆಲ್ಟ್ ಮಾಡಿ ಮಾರಬೇಕು ಅನ್ನೋರಿಗೆ ಇವತ್ತಿನ ಮಾತು. ಇಂಥವರು ಮೊದಲು ಮಾಡೋ ಕೆಲಸ ಅಂದ್ರೆ ಇಎಂಐ ಮೇಲೆ ದೊಡ್ಡ ಫ್ರಂಟ್ ಲೋಡ್ ಮಷಿನ್ ತರೋದು. ನಾನು ಹೇಳೋದು ಇಷ್ಟೇ: ನಮ್ಮ ಭಾಗದಲ್ಲಿ ಈ ಕೆಲಸಕ್ಕೆ ಎರಡು ಟಬ್ಬಿನ ಸೆಮಿ ಆಟೊಮ್ಯಾಟಿಕ್ ಸಾಕು. ಸಾಕು ಅಷ್ಟೇ ಅಲ್ಲ, ಅದೇ ಹೆಚ್ಚು ಅನುಕೂಲ. ಯಾಕೆ ಅಂತ ನೋಡೋಣ.

ಫೆಲ್ಟ್ ಅಂದ್ರೆ ಏನು? ಉಣ್ಣೆಯ ಎಳೆ ಮೇಲೆ ಮೀನಿನ ಮೈಮೇಲೆ ಇರೋ ಹಾಗೆ ಸಣ್ಣ ಸಣ್ಣ ಹುರುಪೆಗಳಿರ್ತಾವೆ, ಬರಿಗಣ್ಣಿಗೆ ಕಾಣಲ್ಲ. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಸೇರಿದಾಗ ಎಳೆಗಳು ಒಂದರೊಳಗೊಂದು ಸರಿದು ಸಿಕ್ಕಿಕೊಳ್ತಾವೆ. ಬಾಚದೆ ಬಿಟ್ಟ ಕೂದಲು ಜಡೆಗಟ್ಟಿದ ಹಾಗೆ. ಹೆಣೆದ ಕಣ್ಣುಗಳು ಮುಚ್ಚಿ, ಬಟ್ಟೆ ಕುಗ್ಗಿ ದಪ್ಪ ಆಗ್ತದೆ. ಆಮೇಲೆ ಕತ್ತರಿ ಹಾಕಿದ್ರೂ ಅಂಚು ಬಿಚ್ಚೋದಿಲ್ಲ. ಆದ್ರೆ ಒಂದು ಸಲ ಕುಗ್ಗಿದ್ದು ಮತ್ತೆ ಮೊದಲಿನ ಹಾಗೆ ಆಗಲ್ಲ. ವಾರಗಟ್ಟಲೆ ಕೂತು ಹೆಣೆದ ಚೀಲ ಐದು ನಿಮಿಷ ಹೆಚ್ಚಾದ್ರೆ ಪರ್ಸ್ ಆಗಿಬಿಡ್ತದೆ.

ಅದಕ್ಕೇ ಬಟ್ಟೆ ಒಗೆಯೋಕೆ ಮಷಿನ್ ನೋಡೋ ಲೆಕ್ಕ ಇಲ್ಲಿ ನಡೆಯಲ್ಲ. ಬಟ್ಟೆ ಸವೆಯಬಾರದು, ನೀರು ಉಳಿಯಬೇಕು, ಸದ್ದು ಬರಬಾರದು ಅಂತ ಅಲ್ಲಿ ನೋಡ್ತೀವಿ. ಇಲ್ಲಿ ಕೇಳಬೇಕಾದ್ದು ಮೂರೇ: ಬಿಸಿನೀರು ಹಾಕಬಹುದಾ? ಜೋರಾಗಿ ತಿಕ್ಕುತ್ತದಾ? ಬೇಕಾದಾಗ ನಿಲ್ಲಿಸಿ, ಮುಚ್ಚಳ ತೆಗೆದು ನೋಡಬಹುದಾ?

ಫ್ರಂಟ್ ಲೋಡ್‌ನಲ್ಲಿ ಹೀಟರ್ ಇರ್ತದೆ, 40 ಅಥವಾ 60 ಡಿಗ್ರಿಗೆ ಇಟ್ರೆ ಅದೇ ನೀರು ಕಾಯಿಸ್ತದೆ. ಇದು ಅದರ ದೊಡ್ಡ ಲಾಭ. ಆದ್ರೆ ಶುರುವಾದ್ರೆ ಬಾಗಿಲು ಲಾಕ್. ನೀರು ತುಂಬಿರೋವಾಗ ತೆರೆಯೋ ಹಾಗಿಲ್ಲ. ನಡುವೆ ಕರೆಂಟ್ ಹೋದ್ರೆ ಒಳಗೆ ಏನಾಗಿದೆ ಅಂತ ಗಾಜಿನ ಹೊರಗಿಂದ ನೋಡ್ತಾ ಕೂಡಬೇಕು.

ಫುಲ್ ಆಟೊಮ್ಯಾಟಿಕ್ ಟಾಪ್ ಲೋಡ್ ಆದ್ರೆ ಪಾಸ್ ಮಾಡಿ ಮುಚ್ಚಳ ತೆಗೀಬಹುದು. ಆದ್ರೆ ಅದಕ್ಕೆ ನಲ್ಲಿಯಲ್ಲಿ ಒತ್ತಡ ಬೇಕು, ಹೀಟರ್ ಎಲ್ಲಾ ಮಾಡೆಲ್‌ನಲ್ಲಿ ಇರಲ್ಲ.

ಸೆಮಿ ಆಟೊಮ್ಯಾಟಿಕ್‌ಗೆ ಬಕೆಟ್‌ನಿಂದಲೇ ನೀರು ಹಾಕಬಹುದು. ಒಲೆ ಮೇಲೆ ಕಾಯಿಸಿದ ನೀರಿಗೆ ತಣ್ಣೀರು ಬೆರೆಸಿ ಸುರಿದ್ರೆ ಆಯ್ತು. ತಳದಲ್ಲಿ ತಿರುಗೋ ಚಕ್ರ ಚೆನ್ನಾಗಿ ತಿಕ್ಕುತ್ತದೆ. ಟೈಮರ್ ನಿಮ್ಮ ಕೈಯಲ್ಲಿ. ಒಂದು ಚೀಲ ತೆಗೆದು ಅದೇ ಬಿಸಿ ಸಾಬೂನು ನೀರಿಗೆ ಇನ್ನೊಂದು ಹಾಕಬಹುದು. ಬೆಲೆಯೂ ಎಲ್ಲಕ್ಕಿಂತ ಕಡಿಮೆ. ಹಳೇದು ಮನೆಯಲ್ಲಿದ್ರೆ ಅದೂ ನಡೀತದೆ. ಒಂದೇ ಎಚ್ಚರ: ಟಬ್ ಪ್ಲಾಸ್ಟಿಕ್, ಕುದಿಯೋ ನೀರು ಸುರೀಬೇಡ್ರಿ. ಎಷ್ಟು ಡಿಗ್ರಿವರೆಗೆ ಅಂತ ಮ್ಯಾನುವಲ್‌ನಲ್ಲಿ ಬರೆದಿರ್ತಾರೆ, ಅದನ್ನ ದಾಟಬಾರದು.

ಈಗ ಮಾಡೋ ರೀತಿ. ಹೆಣೆದದ್ದನ್ನ ಜಿಪ್ ಇರೋ ದಿಂಬಿನ ಕವರಿನೊಳಗೆ ಹಾಕ್ರಿ. ಇಲ್ಲಾಂದ್ರೆ ಉದುರಿದ ಉಣ್ಣೆ ಹೋಗಿ ನೀರು ಹೊರಹೋಗೋ ಪೈಪ್ ಕಟ್ಕೊಳ್ತದೆ. ತಿಕ್ಕಾಟಕ್ಕೆ ಬಣ್ಣ ಬಿಡದ ಹಳೇ ಜೀನ್ಸ್ ಜೊತೆಗಿರಲಿ. ಟವೆಲ್ ಬೇಡ, ಅದರ ನೂಲು ಅಂಟ್ಕೊಳ್ತದೆ. ಲಿಕ್ವಿಡ್ ಸೋಪು ಸ್ವಲ್ಪವೇ ಹಾಕ್ರಿ. ನೊರೆ ಹೆಚ್ಚಾದ್ರೆ ಎಳೆಗಳು ಜಾರ್ತಾವೆ, ತಿಕ್ಕಾಟ ಆಗಲ್ಲ. ಎಂಜೈಮ್ ಇರೋ ಪೌಡರ್ ಉಣ್ಣೆಗೆ ಒಳ್ಳೇದಲ್ಲ. ಬೋರ್ ನೀರು ಗಡಸಾಗಿದ್ರೆ ಸಾಬೂನು ನೊರೆನೇ ಬರಲ್ಲ. ಆಗ ಮಳೆನೀರು ಅಥವಾ ನದಿನೀರಿನ ನಲ್ಲಿ ಬಳಸ್ರಿ. ಐದೈದು ನಿಮಿಷಕ್ಕೆ ನಿಲ್ಲಿಸಿ ತೆಗೆದು ನೋಡ್ರಿ. ಕಣ್ಣುಗಳು ಕಾಣದಂಗಾದ್ರೆ ಸಾಕು. ತಣ್ಣೀರಲ್ಲಿ ಜಾಲಿಸಿ, ಅರ್ಧ ನಿಮಿಷ ಸ್ಪಿನ್. ಹೆಚ್ಚು ಸ್ಪಿನ್ ಮಾಡಿದ್ರೆ ಬಿದ್ದ ಮಡಿಕೆ ಹೋಗಲ್ಲ. ಒದ್ದೆ ಇರುವಾಗಲೇ ಡಬ್ಬಿ, ಪಾತ್ರೆ ಮೇಲೆ ಎಳೆದು ಆಕಾರ ಕೊಟ್ಟು ನೆರಳಲ್ಲಿ ಒಣಗಿಸ್ರಿ.

ಇದಕ್ಕೂ ಮೊದಲು ನೂಲಿನ ಪರೀಕ್ಷೆ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡೋದ್ರಲ್ಲಿ ಬಹಳಷ್ಟು ಅಕ್ರಿಲಿಕ್. ಅದು ಯಾವ ಮಷಿನ್‌ನಲ್ಲೂ ಫೆಲ್ಟ್ ಆಗಲ್ಲ. ಒಂದು ಎಳೆ ಸುಟ್ಟು ನೋಡ್ರಿ: ಉಣ್ಣೆಯಾದ್ರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗ್ತದೆ. ಸೂಪರ್‌ವಾಶ್ ಅಂತ ಬರೆದ ಉಣ್ಣೆಯೂ ಬೇಡ, ಅದು ಕುಗ್ಗಬಾರದು ಅಂತಲೇ ತಯಾರಾದದ್ದು. ಆಮೇಲೆ 15 ಸೆಂ.ಮೀ. ಚೌಕ ಹೆಣೆದು ಮಷಿನ್‌ಗೆ ಹಾಕಿ, ಉದ್ದ ಅಗಲ ಬೇರೆ ಬೇರೆ ಅಳೀರಿ. ಉದ್ದ 11ಕ್ಕೆ ಇಳಿದ್ರೆ, 30 ಸೆಂ.ಮೀ. ಚೀಲ ಬೇಕಾದಾಗ ಸುಮಾರು 41 ಸೆಂ.ಮೀ. ಹೆಣೀಬೇಕು.

ಇನ್ನು ನಮ್ಮದೇ ಉಣ್ಣೆ. ಹಾಲುಮತದ ಕುರಿಗಾರರು ಸಾಕೋ ದಖನಿ ಕುರಿಯ ಉಣ್ಣೆ ದಪ್ಪ, ಒರಟು. ಅದನ್ನ ನೂತು, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಕರಿ ಕಂಬಳಿ ನೇಯೋದು ನಮಗೆ ಗೊತ್ತಿರೋದೇ. ಈಗ ಕಂಬಳಿ ಕೊಳ್ಳೋರು ಕಡಿಮೆ. ಉಣ್ಣೆ ಮಾರಿದ್ರೆ ಕತ್ತರಿಸಿದ ಕೂಲಿನೂ ಹುಟ್ಟಲ್ಲ ಅಂತ ಎಷ್ಟೋ ಕಡೆ ಬಿಸಾಕ್ತಾರೆ. ಈ ನೂಲು ಮೆರಿನೊದಷ್ಟು ಬೇಗ ಫೆಲ್ಟ್ ಆಗಲ್ಲ, ಮೈಗೂ ಚುಚ್ಚುತ್ತದೆ. ಟೋಪಿ, ಸ್ವೆಟರ್‌ಗೆ ಬೇಡ. ಆದ್ರೆ ಚೀಲಕ್ಕೆ, ಕೂಡೋ ಆಸನಕ್ಕೆ ಆ ಒರಟುತನವೇ ಗಟ್ಟಿತನ. ಎರಡು ಮೂರು ಸುತ್ತು ಹೆಚ್ಚು ತಿಕ್ಕಬೇಕು, ಸೆಮಿ ಮಷಿನ್‌ನಲ್ಲಿ ಅದು ಕಷ್ಟವಲ್ಲ.

ಹಾಗಾಗಿ ಶೋರೂಮಿಗೆ ಹೋಗೋ ಮೊದಲು ಕುರಿ ಹಟ್ಟಿಗೆ ಹೋಗಿ ಬರ್ರಿ. ಮಷಿನ್‌ನಲ್ಲಿ ಉಳಿಸಿದ ದುಡ್ಡನ್ನ ಉಣ್ಣೆಗೂ ನೂಲುವ ಅಜ್ಜಿಯರ ಕೂಲಿಗೂ ಹಾಕ್ರಿ. ಚೌಕ ಎಷ್ಟು ಕುಗ್ಗಿತು ಅಂತ ವಾಯ್ಸ್ ನೋಟ್ ಕಳಿಸ್ರಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಬರ್ತೀನ್ರೀ.